ನೋಡುಗನತ್ತ ಚಾಚಿದ ಬೆರಳು: ಯುದ್ಧಕಾಲದ ಭಿತ್ತಿಪತ್ರಗಳು ಮತ್ತು ಅವುಗಳ ಕಲಾವಿದರು

1914ರ ಆಗಸ್ಟ್‌ನಲ್ಲಿ ಮೊದಲನೇ ಮಹಾಯುದ್ಧಕ್ಕೆ ಇಳಿದಾಗ ಬ್ರಿಟನ್ನಿನಲ್ಲಿ ಕಡ್ಡಾಯ ಸೇನಾಸೇವೆಯ ಕಾನೂನು ಇರಲಿಲ್ಲ. ಜರ್ಮನಿ, ಫ್ರಾನ್ಸ್, ರಷ್ಯಾಗಳು ಆಜ್ಞೆಯ ಬಲದಿಂದ ಲಕ್ಷಾಂತರ ಜನರನ್ನು ರಣರಂಗಕ್ಕೆ ಕಳುಹಿಸುತ್ತಿದ್ದಾಗ, ಬ್ರಿಟಿಷ್ ಸರ್ಕಾರ ತನ್ನ ಯುವಕರ ಮನವೊಲಿಸಬೇಕಾಗಿತ್ತು. ರೇಡಿಯೋ ಪ್ರಸಾರ ಇನ್ನೂ ಆರಂಭವಾಗದ ಆ ಕಾಲದಲ್ಲಿ ಅದಕ್ಕೆ ಒದಗಿದ ಮುಖ್ಯ ಸಾಧನಗಳಲ್ಲಿ ಒಂದು ಬೀದಿಯ ಗೋಡೆ. ಗೋಡೆಗೆ ಬಣ್ಣದ ಚಿತ್ರ ಅಂಟಿಸಿ ದಾರಿಹೋಕರ ಕಣ್ಣು ಸೆಳೆಯುವ ವಿದ್ಯೆ ಜಾಹೀರಾತು ಕಲಾವಿದರಿಗೆ ಆಗಲೇ ಕರಗತವಾಗಿತ್ತು. ಯುದ್ಧದ ಭಿತ್ತಿಪತ್ರ ಬೆಳೆದದ್ದು ಸರಕು ಮಾರುವ ಈ ಕಲೆಯಿಂದ ಎಂಬುದನ್ನು ಮರೆತರೆ ಅದರ ಬಲವಾಗಲಿ ಅಪಾಯವಾಗಲಿ ನಮಗೆ ಅರ್ಥವಾಗುವುದಿಲ್ಲ.

1914ರ ಸೆಪ್ಟೆಂಬರ್ 5ರ ‘ಲಂಡನ್ ಒಪೀನಿಯನ್’ ಪತ್ರಿಕೆಯ ಮುಖಪುಟಕ್ಕಾಗಿ ಆಲ್‌ಫ್ರೆಡ್ ಲೀಟ್, ಯುದ್ಧಮಂತ್ರಿ ಲಾರ್ಡ್ ಕಿಚನರ್ ನೇರವಾಗಿ ಓದುಗನತ್ತ ಬೆರಳು ತೋರಿಸುವ ಚಿತ್ರ ಬರೆದರು. ಮುಂದೆ ಅದೇ ಭಿತ್ತಿಪತ್ರವಾಯಿತು. ಯಾವ ಮಗ್ಗುಲಿನಿಂದ ನೋಡಿದರೂ ಆ ಬೆರಳು ನೋಡುವವನನ್ನೇ ಗುರಿಯಿಟ್ಟಂತೆ ಕಾಣುತ್ತದೆ. ಅಮೆರಿಕದ ಜೇಮ್ಸ್ ಮಾಂಟ್‌ಗೊಮರಿ ಫ್ಲಾಗ್ ಇದೇ ಭಂಗಿಯಲ್ಲಿ, ತಮ್ಮ ಮುಖವನ್ನೇ ಮಾದರಿಯಾಗಿಟ್ಟುಕೊಂಡು, ಅಮೆರಿಕವನ್ನೇ ವ್ಯಕ್ತಿಯಾಗಿ ಕಲ್ಪಿಸಿದ ಅಂಕಲ್ ಸ್ಯಾಮ್‌ನನ್ನು ಚಿತ್ರಿಸಿದರು. 1917 ಮತ್ತು 1918ರಲ್ಲಿ ಅದರ 40 ಲಕ್ಷಕ್ಕೂ ಹೆಚ್ಚು ಪ್ರತಿಗಳು ಅಚ್ಚಾದವು. 1920ರಲ್ಲಿ, ರಷ್ಯಾದ ಅಂತರ್ಯುದ್ಧದ ನಡುವೆ, ದ್ಮಿತ್ರಿ ಮೋರ್ ಬರೆದ, ಕ್ರಾಂತಿಕಾರರ ಕೆಂಪು ಸೇನೆಯ ಸೈನಿಕನೂ ಹಾಗೆಯೇ ಬೆರಳು ಚಾಚಿ, ಸ್ವಯಂಸೇವಕನಾಗಿ ಹೆಸರು ಬರೆಸಿದ್ದೀಯಾ ಎಂದು ಕೇಳಿದ. ಸಾಮ್ರಾಜ್ಯಕ್ಕೆ ಒದಗಿದ ಭಂಗಿಯೇ ಅದನ್ನು ವಿರೋಧಿಸುವ ಕ್ರಾಂತಿಗೂ ಒದಗಿತು.

ಬೆರಳಿಗಿಂತಲೂ ಕ್ರೂರವಾದುದು ಸ್ಯಾವಿಲ್ ಲಮ್ಲಿಯವರ 1915ರ ಚಿತ್ರ ಎಂದು ನನಗನ್ನಿಸುತ್ತದೆ. ಯುದ್ಧ ಮುಗಿದ ಮೇಲಿನ ಒಂದು ದಿನ, ಕುರ್ಚಿಯಲ್ಲಿ ಕುಳಿತ ತಂದೆಯನ್ನು ತೊಡೆಯ ಮೇಲಿನ ಮಗಳು, ಮಹಾಯುದ್ಧದಲ್ಲಿ ನೀನೇನು ಮಾಡಿದೆ ಅಪ್ಪಾ ಎಂದು ಕೇಳುತ್ತಾಳೆ. ಶತ್ರುವಿನ ಭಯವನ್ನಾಗಲಿ ದೇಶದ ಅಭಿಮಾನವನ್ನಾಗಲಿ ಮುಂದಿಡದೆ, ಇನ್ನೂ ಹುಟ್ಟದ ಮಗುವಿನ ಮುಂದೆ ತಲೆತಗ್ಗಿಸಬೇಕಾದೀತೆಂಬ ಅಳುಕನ್ನು ಅದು ಬಿತ್ತಿತು. ಇಷ್ಟಾದರೂ ಮನವೊಲಿಕೆ ಸಾಲದೆ, 1916ರ ಜನವರಿಯಲ್ಲಿ ಬ್ರಿಟನ್ ಕಡ್ಡಾಯ ಸೇವೆಯ ಕಾನೂನು ತಂದಿತು. ಆಮೇಲೂ ಯುದ್ಧಸಾಲಕ್ಕಾಗಿ, ಆಹಾರದ ಮಿತವ್ಯಯಕ್ಕಾಗಿ ಭಿತ್ತಿಪತ್ರಗಳು ಬರುತ್ತಲೇ ಇದ್ದವು.

ಜರ್ಮನಿಯ ಲುಡ್ವಿಗ್ ಹೋಲ್‌ವೈನ್ ಉಡುಪು ಅಂಗಡಿಗಳ ಜಾಹೀರಾತುಗಳಿಂದ ಹೆಸರು ಮಾಡಿ, ಮೊದಲ ಯುದ್ಧದ ಭಿತ್ತಿಪತ್ರಗಳನ್ನು ಬರೆದು, ಕೊನೆಗೆ ನಾಜಿ ಆಡಳಿತಕ್ಕೂ ಅದೇ ಕೈಚಳಕವನ್ನು ಒಪ್ಪಿಸಿದರು. ಅವರ ಬಣ್ಣಗಾರಿಕೆಯನ್ನು ಮೆಚ್ಚುವಾಗ ಅದು ಯಾರಿಗೆ ದುಡಿಯಿತೆಂಬುದನ್ನು ಬದಿಗಿಡುವುದು ತಪ್ಪು.

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಏಬ್ರಮ್ ಗೇಮ್ಸ್ ಬೇರೆ ಬಗೆಯ ಕಲಾವಿದರಾಗಿ ಕಾಣುತ್ತಾರೆ. ಸಾಮಾನ್ಯ ಸೈನಿಕರಾಗಿ ಸೇನೆ ಸೇರಿದ ಅವರು 1941ರಿಂದ ಯುದ್ಧ ಇಲಾಖೆಗಾಗಿ ಸುಮಾರು ನೂರು ಭಿತ್ತಿಪತ್ರಗಳನ್ನು ರಚಿಸಿದರು. ಶತ್ರುವಿನ ಕಿವಿಗೆ ಬೀಳಬಹುದಾದ ಅಜಾಗರೂಕ ಮಾತಿನ ವಿರುದ್ಧ 1942ರಲ್ಲಿ ಅವರು ಬರೆದ ಚಿತ್ರದಲ್ಲಿ, ಸೈನಿಕನೊಬ್ಬನ ಬಾಯಿಂದ ಸುರುಳಿಯಾಗಿ ಹೊರಟ ಮಾತು ಕಠಾರಿಯಾಗಿ ಮೂವರು ಸಹಸೈನಿಕರನ್ನು ಇರಿಯುತ್ತದೆ; ಕಡಿಮೆ ಗೆರೆಗಳಲ್ಲಿ ಇಷ್ಟು ಹೇಳಿದ ಚಿತ್ರಗಳು ವಿರಳ. ಮಹಿಳಾ ಸೇನಾದಳಕ್ಕಾಗಿ ಬರೆದ ಚೆಲುವೆಯ ಚಿತ್ರವನ್ನು, ಅದರ ಬೆಡಗು ಅತಿಯಾಯಿತೆಂದು, ಹಿಂತೆಗೆದುಕೊಳ್ಳಲಾಯಿತು. ಇನ್ನೊಂದು ಚಿತ್ರದಲ್ಲಿ ಅವರು ಲಂಡನ್ನಿನ ಫಿನ್ಸ್‌ಬರಿಯ ಹೊಸ ಆರೋಗ್ಯ ಕೇಂದ್ರವನ್ನು ನಿಲ್ಲಿಸಿ, ಅದರ ಹಿಂದೆ ಹಾಳು ಗೋಡೆಗಳ ನಡುವೆ ರೋಗಪೀಡಿತ ಬಾಲಕನೊಬ್ಬನನ್ನು ತೋರಿಸಿದರು. ಸೈನಿಕರು ಯಾವ ನಾಳೆಗಾಗಿ ಹೋರಾಡುತ್ತಿದ್ದಾರೆಂದು ಹೇಳಹೊರಟ ಆ ಚಿತ್ರ, ದೇಶದೊಳಗಿನ ಬಡತನವನ್ನೂ ಬಯಲಿಗಿಟ್ಟಿತು. ಪ್ರಧಾನಿ ಚರ್ಚಿಲ್ ಅದಕ್ಕೆ ಆಕ್ಷೇಪಿಸಿದರು, ಭಿತ್ತಿಪತ್ರವನ್ನು ತಡೆಹಿಡಿಯಲಾಯಿತು.