ವಾದ, ಜಲ್ಪ, ವಿತಂಡ: ಸಾಮಾಜಿಕ ಜಾಲತಾಣದ ಜಗಳಗಳನ್ನು ನ್ಯಾಯಸೂತ್ರದ ಜೊತೆಗಿಟ್ಟು ಓದಿದಾಗ

‘ವಿತಂಡವಾದ ಮಾಡಬೇಡ’ ಎಂದು ಬೈಸಿಕೊಂಡೇ ನಾವೆಲ್ಲ ಬೆಳೆದಿದ್ದೇವೆ. ತರ್ಕಶಾಸ್ತ್ರದ ಹಳೆಯ ಸಂಸ್ಕೃತ ಗ್ರಂಥವಾದ ಗೌತಮನ (ಬುದ್ಧನಲ್ಲ, ಬೇರೆಯವನು) ನ್ಯಾಯಸೂತ್ರವನ್ನು ಓದಲು ಕುಳಿತ ಮೇಲೆ ತಿಳಿಯಿತು, ಶಾಸ್ತ್ರದ ಲೆಕ್ಕದಲ್ಲಿ ಈ ಜೋಡುಪದವೇ ಕೂಡಿಬರುವುದಿಲ್ಲ. ವಾದ ಬೇರೆ, ವಿತಂಡ ಬೇರೆ. ಅಂತರ್ಜಾಲದ ಚರ್ಚೆಗಳು ಏಕೆ ಹದಗೆಟ್ಟವು ಎಂಬ ಪ್ರಶ್ನೆಗೆ ಉತ್ತರ ಬರೆಯುವವರು ಮೊದಲು ಈ ಭೇದವನ್ನು ಹಿಡಿದುಕೊಳ್ಳಿ. ‘ಜನ ಕೆಟ್ಟುಹೋಗಿದ್ದಾರೆ’ ಎಂದು ಬರೆದರೆ ಉತ್ತರವಾಗುವುದಿಲ್ಲ.

ನಿಜ ತಿಳಿಯಬೇಕೆಂದು ಇಬ್ಬರು ಪಕ್ಷ, ಪ್ರತಿಪಕ್ಷ ಹಿಡಿದು ಪ್ರಮಾಣ (ಅಂದರೆ ಆಧಾರ) ಮತ್ತು ತರ್ಕದಿಂದ ಮಾತನಾಡಿದರೆ ಅದು ವಾದ. ಗೆಲ್ಲಲೇಬೇಕೆಂದು ಛಲ, ಜಾತಿ, ನಿಗ್ರಹಸ್ಥಾನಗಳನ್ನೂ ಬಳಸಿದರೆ ಜಲ್ಪ. ಆ ಜಲ್ಪದಿಂದ ತನ್ನದೇ ಪಕ್ಷದ ಸ್ಥಾಪನೆಯನ್ನೂ ತೆಗೆದುಬಿಟ್ಟರೆ ಉಳಿಯುವುದು ವಿತಂಡ: ನೀನು ಹೇಳಿದ್ದು ತಪ್ಪು, ನಾನೇನು ಹೇಳುತ್ತೇನೆಂದು ಮಾತ್ರ ಕೇಳಬೇಡ. (ಇಲ್ಲಿ ಛಲ ಎಂದರೆ ಹಟವಲ್ಲ, ಮಾತನ್ನು ತಿರುಚುವುದು. ಜಾತಿ ಎಂದರೆ ಪೊಳ್ಳು ಹೋಲಿಕೆ ಹಿಡಿದು ಎತ್ತುವ ಆಕ್ಷೇಪ. ಎರಡೂ ಕಡೆ ನಾನು ಎಡವಿದ್ದೇನೆ. ನಿಗ್ರಹಸ್ಥಾನದ ಮಾತು ಮುಂದೆ ಬರುತ್ತದೆ.)

ಛಲಕ್ಕೆ ಭಾಷ್ಯಕಾರ ವಾತ್ಸ್ಯಾಯನ ಕೊಡುವ ಉದಾಹರಣೆ ‘ನವಕಂಬಲ’. ಹುಡುಗನ ಬಳಿ ಹೊಸ ಕಂಬಳಿ ಇದೆ ಎಂದು ಒಬ್ಬ ಹೇಳುತ್ತಾನೆ. ನವ ಎಂದರೆ ಒಂಬತ್ತು ಎಂದೂ ಆಗುತ್ತದಲ್ಲ! ‘ಇರುವುದು ಒಂದೇ, ಒಂಬತ್ತು ಎಲ್ಲಿ?’ ಎಂದು ಎದುರಾಳಿ ಎದ್ದು ನಿಲ್ಲುತ್ತಾನೆ. ಒಂದು ಸಾಲನ್ನು ಕತ್ತರಿಸಿ, ಸ್ಕ್ರೀನ್‌ಶಾಟ್ ಹಾಕಿ, ಬರೆದವನು ಎಣಿಸಿಯೇ ಇರದ ಅರ್ಥವನ್ನು ಅವನ ತಲೆಗೆ ಕಟ್ಟುವವರ ಮೂಲಪುರುಷ ಇವನೇ.

ನಿಗ್ರಹಸ್ಥಾನ ಎಂದರೆ ಸೋತೆಯೆಂದು ತೀರ್ಮಾನವಾಗುವ ಜಾಗ. ಒಟ್ಟು 22 ಇವೆ. ಎಲ್ಲವನ್ನೂ ಬಾಯಿಪಾಠ ಮಾಡಬೇಕಿಲ್ಲ, ನಮ್ಮ ವಿಷಯಕ್ಕೆ ಎರಡು ಸಾಕು. ಮೊದಲನೆಯದು ಮತಾನುಜ್ಞೆ: ತನ್ನ ಮೇಲೆ ಬಂದ ದೋಷವನ್ನು ಅಲ್ಲಗಳೆಯದೆ ‘ನಿನ್ನಲ್ಲಿಯೂ ಅದೇ ದೋಷವಿದೆ’ ಎನ್ನುವುದು. ‘ನಿಮ್ಮ ಸರ್ಕಾರವಿದ್ದಾಗ ಆಗಿರಲಿಲ್ಲವೇ?’ ಎಂಬ ಮಾತು ಇಂದು ಚಪ್ಪಾಳೆ ಗಿಟ್ಟಿಸುತ್ತದೆ. ಗೌತಮನ ಪಟ್ಟಿಯಲ್ಲಿ ಅದು ಸೋಲು. ಎರಡನೆಯದು ಅನನುಭಾಷಣ. ಸಭೆಗೆ ಅರ್ಥವಾದ ಮಾತನ್ನು ಮೂರು ಬಾರಿ ಹೇಳಿದ ಮೇಲೂ ಅದನ್ನು ತಿರುಗಿ ಹೇಳಲಾರದವನು ಸೋತಂತೆ. ಅಂದರೆ ಖಂಡಿಸುವ ಮೊದಲು ಎದುರಿನವರ ಮಾತನ್ನು ಒಪ್ಪಿಸಲು ಬರಬೇಕು. ನನ್ನ ಹಳೆಯ ಪ್ರತಿಕ್ರಿಯೆಗಳನ್ನು ಹೊರತೆಗೆದು ಈ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಹೆಚ್ಚಿನವುಗಳಲ್ಲಿ ನಾನು ಎಂದೋ ಸೋತಿದ್ದೆ.

ಸೋಲನ್ನು ಗುರುತಿಸಲು ಸಭೆ ಬೇಕು, ಮಧ್ಯಸ್ಥರು ಬೇಕು. ಆಯುರ್ವೇದದ ಗ್ರಂಥ ಚರಕಸಂಹಿತೆಯ ‘ವಿಮಾನಸ್ಥಾನ’ ಎಂಬ ಭಾಗ ಸಭೆಗಳನ್ನೇ ವಿಂಗಡಿಸುತ್ತದೆ: ತಿಳಿದವರ ಸಭೆ, ಮೂಢರ ಸಭೆ, ಒಂದೊಂದರಲ್ಲೂ ಸ್ನೇಹದ್ದು, ತಟಸ್ಥವಾದದ್ದು, ಮೊದಲೇ ನಮ್ಮ ವಿರುದ್ಧ ಹಟ ಕಟ್ಟಿಕೊಂಡದ್ದು. ಈ ಕೊನೆಯದರಲ್ಲಿ ಯಾರೊಡನೆಯೂ ವಾದಿಸಬೇಡ ಎನ್ನುತ್ತದೆ ಗ್ರಂಥ. ಫೇಸ್‌ಬುಕ್‌ನಲ್ಲಿ ಆ ಆಯ್ಕೆ ನಮ್ಮ ಕೈಯಲ್ಲಿಲ್ಲ, ನಮ್ಮ ಮಾತು ಯಾವ ಸಭೆಗೆ ಹೋಗಬೇಕೆಂದು ನಿರ್ಧರಿಸುವುದು ಯಂತ್ರದ ಗಣಿತ, ಅಂದರೆ ಅಲ್ಗಾರಿದಮ್. ಆ ಗಣಿತ ಹೇಗಿತ್ತು ನೋಡಿ. 2016ರ ಫೆಬ್ರುವರಿಯಲ್ಲಿ ಲೈಕ್ ಜೊತೆಗೆ ಪ್ರೀತಿ, ನಗು, ಬೆರಗು, ದುಃಖ, ಸಿಟ್ಟಿನ ಮುಖಗಳು ಬಂದವು. 2017ರಿಂದ, ಯಾವ ಬರಹವನ್ನು ಹೆಚ್ಚು ಜನರಿಗೆ ತೋರಿಸಬೇಕೆಂಬ ಲೆಕ್ಕದಲ್ಲಿ, ಅಂಥ ಒಂದು ಮುಖಕ್ಕೆ ಐದು ಲೈಕ್‌ಗಳ ತೂಕ ಸಿಕ್ಕಿತು, ಸಿಟ್ಟಿಗೂ ಅಷ್ಟೇ. ಫೇಸ್‌ಬುಕ್‌ನ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹೌಗೆನ್ ಹೊರತಂದ ಆಂತರಿಕ ಕಡತಗಳಿಂದ ಇದು 2021ರಲ್ಲಿ ಜಗತ್ತಿಗೆ ತಿಳಿಯಿತು. ಸಿಟ್ಟಿನ ತೂಕವನ್ನು ಕಂಪನಿ ಹಂತ ಹಂತವಾಗಿ ಇಳಿಸಿ ಸೊನ್ನೆ ಮಾಡಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಯವರೆಗೆ ಮಧ್ಯಸ್ಥನ ಪೀಠದಲ್ಲಿ ಕುಳಿತಿದ್ದ ಯಂತ್ರಕ್ಕೆ ವಾದವೂ ವಿತಂಡವೂ ಒಂದೇ. ಯಾರು ಎಷ್ಟು ಕೆರಳಿದರು ಎಂಬುದಷ್ಟೇ ಅದರ ಎಣಿಕೆ.

ಗೌತಮ ಜಲ್ಪ, ವಿತಂಡಗಳನ್ನು ನಿಷೇಧಿಸಿಲ್ಲ ಎಂಬುದನ್ನು ಮರೆಯಬೇಡಿ. ಮೊಳಕೆಯನ್ನು ಕಾಯಲು ಮುಳ್ಳುಕೊಂಬೆಗಳ ಬೇಲಿ ಹಾಕುವಂತೆ, ತತ್ತ್ವನಿಶ್ಚಯವನ್ನು ಕಾಯಲು ಅವು ಬೇಕು ಎನ್ನುತ್ತಾನೆ (ನ್ಯಾಯಸೂತ್ರ 4.2.50). ಮೊಳಕೆ ಬೆಳೆಯುವುದು ಬೇರೆ ಕಡೆ: ಗುರು, ಶಿಷ್ಯ, ಸಹಪಾಠಿ ಮುಂತಾದ ಅಸೂಯೆಯಿಲ್ಲದವರ ನಡುವಿನ ಮಾತಿನಲ್ಲಿ. ನಮ್ಮಲ್ಲಿ ಈಗ ಬೇಲಿಯೇ ಎದ್ದು ಹೊಲ ಮೇಯುತ್ತಿದೆ.

ಹಾಗೆಂದು ಹಳೆಯ ಸಭೆಗಳೆಲ್ಲ ಸಭ್ಯತೆಯ ತವರು ಎಂದು ಬರೆದುಬಿಟ್ಟರೆ ತಪ್ಪು. ಅಲ್ಲಿ ಬಾಯಿ ತೆರೆಯುವ ಹಕ್ಕು ಕೆಲವರದ್ದಾಗಿತ್ತು. ಇಂದು ಮೊಬೈಲ್ ಹಿಡಿದು ದೊಡ್ಡವರಿಗೆ ಎದುರು ಮಾತನಾಡುವ ಎಷ್ಟೋ ಜನರಿಗೆ ಅಲ್ಲಿ ಬಾಗಿಲೇ ಇರಲಿಲ್ಲ. ಇದ್ದವರಿಗೂ ಬೆದರಿಕೆ ತಪ್ಪಿರಲಿಲ್ಲ. ಬೃಹದಾರಣ್ಯಕ ಉಪನಿಷತ್ತಿನಲ್ಲಿ, ಜನಕನ ಸಭೆಯಲ್ಲಿ, ಮೇಲಿಂದ ಮೇಲೆ ಪ್ರಶ್ನೆ ಕೇಳಿದ ಗಾರ್ಗಿಗೆ ಯಾಜ್ಞವಲ್ಕ್ಯ ‘ಅತಿಯಾಗಿ ಕೇಳಬೇಡ, ನಿನ್ನ ತಲೆ ಉದುರೀತು’ ಎನ್ನುತ್ತಾನೆ. ಅವಳು ಸುಮ್ಮನಾಗುತ್ತಾಳೆ. ಆಮೇಲೆ ಅದೇ ಸಭೆಯಲ್ಲಿ ಮತ್ತೆ ಎದ್ದು ಎರಡು ಪ್ರಶ್ನೆ ಕೇಳಿ, ಎರಡಕ್ಕೂ ಉತ್ತರ ಸಿಕ್ಕಿದಾಗ, ಇವನನ್ನು ನಿಮ್ಮಲ್ಲಿ ಯಾರೂ ಗೆಲ್ಲಲಾರಿರಿ ಎಂದು ನೆರೆದವರಿಗೆ ತಾನೇ ಹೇಳಿ ಕುಳಿತುಕೊಳ್ಳುತ್ತಾಳೆ.