ದೇವತೆಗಳು ಕುಡಿದದ್ದಕ್ಕೂ ನಾವೇ ದುಡ್ಡು ಕೊಡಬೇಕು

ಮೆಲ್ಬರ್ನಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಊರಿಗೆ ಬರುವಾಗ ಎರಡು ಬನಿಯನ್ ಸುತ್ತಿ ಒಂದು ಬಾಟಲಿ ತಂದಿದ್ದ. ಆಸ್ಟ್ರೇಲಿಯಾದ ದ್ವೀಪ ಟಾಸ್ಮೇನಿಯಾದ ಸಿಂಗಲ್ ಮಾಲ್ಟ್, ಅಂದರೆ ಒಂದೇ ಬಟ್ಟಿಮನೆಯಲ್ಲಿ ಬರೀ ಮೊಳಕೆ ಬಾರ್ಲಿಯಿಂದ ಇಳಿಸಿದ ವಿಸ್ಕಿ. 'ಎಷ್ಟಾಯ್ತೋ?' ಅಂದೆ. 'ಇನ್ನೂರ ನಲವತ್ತು ಡಾಲರ್' ಅಂದ. ನಮ್ಮ ಭಾವ ಲೇಬಲ್ಲನ್ನು ಹಿಂದೆ ಮುಂದೆ ತಿರುಗಿಸಿ ಮುಖ ಸಿಂಡರಿಸಿದರು. 'ಎಷ್ಟು ವರ್ಷದ್ದು ಅಂತಲೇ ಬರೆದಿಲ್ವಲ್ಲೋ! ಇದರ ಅರ್ಧ ದುಡ್ಡಿಗೆ ಹನ್ನೆರಡು ವರ್ಷದ ಸ್ಕಾಚ್ ಬರ್ತಿತ್ತು.'

ಈ 'ಎಷ್ಟು ವರ್ಷದ್ದು' ಅನ್ನುವ ಪ್ರಶ್ನೆ ಕೇಳಿದರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಬಾಟಲಿಗೆ ಬಿದ್ದ ಮೇಲೆ ವಿಸ್ಕಿಗೆ ವಯಸ್ಸೇ ಆಗುವುದಿಲ್ಲ. ಶೋಕೇಸಿನಲ್ಲಿ ಹತ್ತು ವರ್ಷ ಇಟ್ಟರೆ ಧೂಳು ಜಾಸ್ತಿಯಾಗುತ್ತದೆ, ಅಷ್ಟೆ. ಆಟ ನಡೆಯುವುದೆಲ್ಲ ಪೀಪಾಯಿಯೊಳಗೆ.

ಬಟ್ಟಿಯಿಂದ ಇಳಿದಾಗ ವಿಸ್ಕಿ ನೀರಿನಷ್ಟು ತಿಳಿ. ಬಣ್ಣ ಕೊಡುವುದು ಓಕ್ ಮರ, ರುಚಿಯಲ್ಲೂ ದೊಡ್ಡ ಪಾಲು ಅದರದೇ. ಪೀಪಾಯಿಯ ಒಳಮೈಯನ್ನು ಬೆಂಕಿಯಲ್ಲಿ ಕಾಯಿಸಿಯೋ ಸುಟ್ಟೋ ಇರುತ್ತಾರೆ. ಆಗ ಮರವನ್ನು ಗಟ್ಟಿಯಾಗಿ ಹಿಡಿದಿಡುವ ಲಿಗ್ನಿನ್ ಒಡೆದು ವೆನಿಲ್ಲಾದ ಘಮ ಹುಟ್ಟುತ್ತದೆ. ಮರದೊಳಗಿನ ಸಕ್ಕರೆಗಳ ಸರಪಳಿಯಾದ ಹೆಮಿಸೆಲ್ಯುಲೋಸ್ ಪಾಕ ಸೀದ ಹಾಗೆ ಸಿಹಿಕಂದು ಆಗುತ್ತದೆ. ಓಕಿನಲ್ಲಿರುವ ಲ್ಯಾಕ್ಟೋನ್ ಎಂಬ ಅಂಶಕ್ಕೆ ಥೇಟ್ ಕೊಬ್ಬರಿ ವಾಸನೆ. ಬಿಸಿಲೇರಿದಾಗ ವಿಸ್ಕಿ ಹಿಗ್ಗಿ ಮರದೊಳಗೆ ನುಗ್ಗುತ್ತದೆ. ತಣ್ಣಗಾದಾಗ ವಾಪಸ್ ಬರುತ್ತದೆ, ಬರಿಗೈಯಲ್ಲಲ್ಲ. ಮೆಲ್ಬರ್ನಿನ ಸ್ಟಾರ್‌ವರ್ಡ್ ಕಂಪನಿ ನಂಬಿರುವುದು ಇದನ್ನೇ. ಒಂದೇ ದಿನದಲ್ಲಿ ನಾಲ್ಕು ಋತು ತೋರಿಸುವ ಊರು ಅದು. ಅಲ್ಲಿನ ವೈನಿನ ಹಳೆ ಪೀಪಾಯಿಗಳಲ್ಲಿ ಸುಮಾರು ಮೂರು ವರ್ಷಕ್ಕೇ ವಿಸ್ಕಿ ಕೆಂಪಗೆ ಮಾಗಿರುತ್ತದೆ.

ಪೀಪಾಯಿಯ ಅಳತೆಯೂ ಮುಖ್ಯ. ಸ್ಕಾಟ್ಲೆಂಡಿನಲ್ಲಿ 200 ಲೀಟರಿನ ಪೀಪಾಯಿ ಮಾಮೂಲು. ಟಾಸ್ಮೇನಿಯಾದ ಎಷ್ಟೋ ಸಣ್ಣ ತಯಾರಕರು 20, 50, 100 ಲೀಟರಿನವು ಬಳಸುತ್ತಾರೆ. 200ರಿಂದ 20ಕ್ಕೆ ಇಳಿದರೆ ಪ್ರತಿ ಲೀಟರಿಗೆ ಸಿಗುವ ಮರದ ಮೈ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿಯಾಗುತ್ತದೆ. ಉಪ್ಪಿನಕಾಯಿ ನೆನಪಿಸಿಕೊಳ್ಳಿ. ಹೆಚ್ಚಿದ ಮಾವಿನ ಹೋಳಿಗೆ ಉಪ್ಪು ಖಾರ ನಾಲ್ಕೇ ದಿನಕ್ಕೆ ಹಿಡಿಯುತ್ತದೆ. ಇಡೀ ಮಿಡಿಗೆ ತಿಂಗಳುಗಟ್ಟಲೆ ಬೇಕು. ಅಥವಾ ಕಾಫಿ ತಗೊಳ್ಳಿ. ಲೋಟದಲ್ಲಿ ಆರದ ಕಾಫಿ ದವರಾಕ್ಕೆ ಸುರಿದರೆ ಆರುತ್ತದೆ. ಮೈ ಹರಡಿದಷ್ಟೂ ಕೆಲಸ ಬೇಗ.

ಆದರೆ ಭರಣಿಯ ಅಡಿಯಲ್ಲಿ ವರ್ಷ ಕಳೆದ ಮಿಡಿಯ ಆ ಸೊನೆಯ ಘಮ ನಾಲ್ಕು ದಿನದ ಹೋಳಿಗೆ ಬರುತ್ತದೆಯೇ? ಇಲ್ಲಿಯೂ ಹಾಗೇ. ಮರದ ಸಾರ ಇಳಿಯುವುದನ್ನು ಸಣ್ಣ ಪೀಪಾಯಿ ಜೋರು ಮಾಡುತ್ತದೆ. ಮರದ ಸಂದಿನಿಂದ ಬರುವ ಗಾಳಿ ಹಸಿ ಮದ್ಯದ ಒರಟು ತೆಗೆಯುವ ಕೆಲಸ, ಹಣ್ಣಿನ ವಾಸನೆಯ ಎಸ್ಟರುಗಳು ಕೂಡಿಕೊಳ್ಳುವ ಕೆಲಸ ಅಷ್ಟು ಅವಸರಕ್ಕೆ ಬಗ್ಗುವುದಿಲ್ಲ.

ಇನ್ನು ಆವಿ. ಪೀಪಾಯಿಯಿಂದ ಹಾರಿಹೋಗುವುದಕ್ಕೆ ದೇವತೆಗಳ ಪಾಲು ಅನ್ನುತ್ತಾರೆ. ಸ್ಕಾಟ್ಲೆಂಡಿನ ದೇವತೆಗಳು ಮರ್ಯಾದಸ್ಥರು, ವರ್ಷಕ್ಕೆ ಸುಮಾರು ಶೇ. 2. ನಮ್ಮ ಬೆಂಗಳೂರಿನಲ್ಲಿ ವಿಸ್ಕಿ ಮಾಡುವ ಅಮೃತ್‌ನವರ ಪೀಪಾಯಿಗಳಿಂದ ಶೇ. 10–12 ಹೋಗುತ್ತದೆ. ಲೆಕ್ಕ ಹಾಕಿ: ಅಲ್ಲಿ ಹನ್ನೆರಡು ವರ್ಷ ಇಟ್ಟರೂ ಮುಕ್ಕಾಲು ಪಾಲು ಉಳಿಯುತ್ತದೆ, ಇಲ್ಲಿ ಐದೇ ವರ್ಷಕ್ಕೆ ಅರ್ಧದ ಹತ್ತಿರ ಖಾಲಿ. ಹಾರಿಹೋದದ್ದರ ದುಡ್ಡು ಉಳಿದದ್ದರ ಬೆಲೆಗೆ ಸೇರುತ್ತದೆ. ಭಾವನ ಹನ್ನೆರಡು ವರ್ಷವನ್ನು ಬೆಂಗಳೂರಿನಲ್ಲಿ ಕಾಯುತ್ತಾ ಕೂತರೆ ಪೀಪಾಯಿಯಲ್ಲಿ ಕಾಲು ಭಾಗವೇ ಉಳಿದಿರುತ್ತದೆ.

ಟಾಸ್ಮೇನಿಯಾದಲ್ಲಿ ಒಂದೂವರೆ ಶತಮಾನ ವಿಸ್ಕಿ ತಯಾರಿಕೆಯೇ ಇರಲಿಲ್ಲ. 1838ರಲ್ಲಿ ಗವರ್ನರ್ ಜಾನ್ ಫ್ರಾಂಕ್ಲಿನ್ ಬಟ್ಟಿ ಇಳಿಸುವುದನ್ನೇ ನಿಲ್ಲಿಸಿಬಿಟ್ಟ. ಬಾರ್ಲಿಯಿಂದ ಮನುಷ್ಯರನ್ನು ಹಂದಿ ಮಾಡುವ ಬದಲು ಹಂದಿಗೇ ಬಾರ್ಲಿ ಹಾಕುವುದು ವಾಸಿ ಎಂದು ಅವನ ಹೆಂಡತಿ ಹೇಳಿದ್ದಳೆಂಬ ಪ್ರತೀತಿಯಿದೆ. ಆಮೇಲೆ 1901ರ ಕಾನೂನು ಬಂತು: ಬಟ್ಟಿ ಪಾತ್ರೆ ಕನಿಷ್ಠ 2,700 ಲೀಟರ್ ಇರಬೇಕು. ಸಣ್ಣವರಿಗೆ ಅದು ಬೀಗ ಜಡಿದ ಬಾಗಿಲು. ಮಾವನ ಜೊತೆ ಮೀನು ಹಿಡಿಯಲು ಹೋಗಿ, ಸ್ಕಾಚ್ ಕುಡಿಯುತ್ತಾ 'ನಮ್ಮಲ್ಲೇ ಬಾರ್ಲಿ ಇದೆ, ಒಳ್ಳೆ ನೀರಿದೆ, ನಾವೇ ಯಾಕೆ ಮಾಡಬಾರದು' ಎಂದು ಯೋಚಿಸಿದ ಬಿಲ್ ಲಾರ್ಕ್ ಸಂಸದರೊಬ್ಬರನ್ನು ಹಿಡಿದು ಆ ಬೀಗ ತೆಗೆಸಿದ. 1992ರಲ್ಲಿ ಲೈಸೆನ್ಸ್ ಸಿಕ್ಕಿತು. 2014ರಲ್ಲಿ ಅದೇ ದ್ವೀಪದ ತಯಾರಕರಾದ ಸಲಿವನ್ಸ್ ಕೋವ್‌ನ ಒಂದೇ ಪೀಪಾಯಿಯ ವಿಸ್ಕಿ ವರ್ಲ್ಡ್ ವಿಸ್ಕೀಸ್ ಅವಾರ್ಡ್ಸ್‌ನಲ್ಲಿ ಜಗತ್ತಿನ ಅತ್ಯುತ್ತಮ ಸಿಂಗಲ್ ಮಾಲ್ಟ್ ಎನಿಸಿಕೊಂಡಿತು. ಗಮನಿಸಿ, ಗೆದ್ದದ್ದು ದೊಡ್ಡ ಪೀಪಾಯಿಯಲ್ಲಿ ವರ್ಷಾನುಗಟ್ಟಲೆ ಮಲಗಿದ್ದ ಸರಕು.

ಬೆಲೆಯ ಮಾತಿಗೆ ಬಂದರೆ ಎಲ್ಲರೂ ತೆರಿಗೆಯನ್ನು ಬೈಯುತ್ತಾರೆ. ಆಸ್ಟ್ರೇಲಿಯಾದ ಅಬಕಾರಿ ಸುಂಕ ಶುದ್ಧ ಆಲ್ಕೋಹಾಲಿನ ಲೀಟರಿಗೆ 100 ಡಾಲರ್ ದಾಟಿದೆ, ನಿಜ. ಆದರೆ ಶೇ. 40ರ 700 ಮಿಲಿ ಬಾಟಲಿಗೆ ಅದು 30 ಡಾಲರಿನ ಆಸುಪಾಸು, ಅಗ್ಗದ್ದಕ್ಕೂ ಅಷ್ಟೇ, ದುಬಾರಿಯದ್ದಕ್ಕೂ ಅಷ್ಟೇ. ಇನ್ನೂರ ನಲವತ್ತರಲ್ಲಿ ಉಳಿದದ್ದರ ಬಹುಪಾಲು ಸಣ್ಣ ಬಟ್ಟಿಯ ಖರ್ಚು, ಮರ, ದೇವತೆಗಳು, ಮತ್ತೆ ಒಂದಿಷ್ಟು 'ಸಿಗೋದೇ ಇಲ್ಲ' ಅನ್ನುವ ಹೆಸರು. ಆ ಕೊನೆಯದಕ್ಕೆ ನಾನಂತೂ ದುಡ್ಡು ಕೊಡುವವನಲ್ಲ.

ಹಾಗಂತ ಭಾಷಣ ಬಿಗಿದ ಮೇಲೆ ಪರೀಕ್ಷೆಯೂ ಆಯಿತು. ನಾಲ್ಕು ಸ್ಟೀಲ್ ಲೋಟ, ಅಡಿಯಲ್ಲಿ ಚೀಟಿ ಅಂಟಿಸಿ, ಅಕ್ಕನ ಕೈಯಲ್ಲಿ ಹಾಕಿಸಿದೆವು. ಟಾಸ್ಮೇನಿಯಾ ಇದೇ ಎಂದು ನಾನು ಕೊಂಡಾಡಿದ ಲೋಟ ನಮ್ಮ ಮನೆಯ ಮಾಮೂಲಿ ಬಾಟಲಿಯದು. ಭಾವ ಮೂರನೆಯದನ್ನು ಮೂಸಿ ಪಕ್ಕಕ್ಕಿಟ್ಟರು. 'ಇದು ಬಡಗಿ ಅಂಗಡಿ ವಾಸನೆ ಕಣೋ, ಈಗಷ್ಟೇ ಹಲಗೆ ಕೊಯ್ದ ಹಾಗಿದೆ.' ಚೀಟಿ ತೆಗೆದರೆ ಅದೇ ಇನ್ನೂರ ನಲವತ್ತು ಡಾಲರಿನದು. ಚಿಕ್ಕಪ್ಪನ ಮಗ ಕನ್ನಡಕ ಹಾಕಿಕೊಂಡು ಲೇಬಲ್ಲಿನ ಸಣ್ಣ ಅಕ್ಷರ ಓದಿದ: 20 ಲೀಟರ್ ಪೀಪಾಯಿ.

ಮುಂದಿನ ಸಲ ವರ್ಷ ನೋಡಬೇಡ, ಪೀಪಾಯಿ ಎಷ್ಟು ದೊಡ್ಡದು ಅಂತ ಕೇಳಿ ತಗೊಂಡು ಬಾ ಎಂದು ಅವನಿಗೆ ಹೇಳಿದ್ದೇನೆ. ಭಾವ ಮಾತ್ರ ಈಗಲೂ ವರ್ಷವನ್ನೇ ಕೇಳುತ್ತಾರೆ.