ಇ-ಪ್ರಿಸ್ಕ್ರಿಪ್ಶನ್: ಮೊಬೈಲಿಗೆ ಬಂದ ಚೀಟಿಯನ್ನು ಓದುವುದು, ಔಷಧಿ ಕೊಡುವುದು

ಕೋಲಾರ ಜಿಲ್ಲೆಯಲ್ಲಿ ಡಿ.ಫಾರ್ಮ ಓದುತ್ತಿರುವವರಿಗೆ ಮತ್ತು ಉಪಕೇಂದ್ರಗಳಿಗೆ ಹೊಸದಾಗಿ ಬಂದಿರುವ ಸಮುದಾಯ ಆರೋಗ್ಯ ಅಧಿಕಾರಿಗಳಿಗೆ ಈ ಟಿಪ್ಪಣಿ.

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ನಮ್ಮಲ್ಲಿ ಇ-ಪ್ರಿಸ್ಕ್ರಿಪ್ಶನ್ ಅಂದರೆ ಹೆಚ್ಚಾಗಿ ರೋಗಿಯ ಮೊಬೈಲಿಗೆ ಬರುವ ಒಂದು ಪಿಡಿಎಫ್. ಇಂಗ್ಲೆಂಡಿನಲ್ಲಿ ರೋಗಿ ತನಗೆ ಬೇಕಾದ ಔಷಧಿ ಅಂಗಡಿಯನ್ನು ಮೊದಲೇ ಸೂಚಿಸಿಟ್ಟರೆ ಚೀಟಿ ನೇರ ಅಲ್ಲಿಗೇ ಹೋಗುತ್ತದೆ, ಔಷಧಿ ಕೊಟ್ಟದ್ದೂ ಕೇಂದ್ರ ವ್ಯವಸ್ಥೆಯಲ್ಲೇ ದಾಖಲಾಗುತ್ತದೆ. ನಮ್ಮ ಪಿಡಿಎಫ್ ಹಾಗಲ್ಲ. ಬೆಳಿಗ್ಗೆ ಮುಳಬಾಗಿಲಿನಲ್ಲಿ ತೋರಿಸಿದ ಅದೇ ಫೈಲನ್ನು ಸಂಜೆ ಬಂಗಾರಪೇಟೆಯಲ್ಲೂ ತೋರಿಸಬಹುದು. ಮೊದಲ ಅಂಗಡಿ ಕೊಟ್ಟದ್ದು ಎರಡನೆಯವರಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ಕೌಂಟರಿನಲ್ಲಿ ನಿಂತವರ ಕಣ್ಣೇ ಕೊನೆಯ ತಪಾಸಣೆ.

ಚೀಟಿ ಬರುವ ದಾರಿ

ದೂರದಿಂದಲೇ ಡಾಕ್ಟರ ಸಲಹೆ ಕೊಡಿಸುವ ಸರ್ಕಾರದ ಇ-ಸಂಜೀವಿನಿ ಸೇವೆಯಲ್ಲಿ ಎರಡು ಬಗೆ ಇದೆ. ರೋಗಿ ಮನೆಯಿಂದಲೇ ಮೊಬೈಲ್ ನಂಬರ್ ಕೊಟ್ಟು, ಒಟಿಪಿ ಹಾಕಿ, ಟೋಕನ್ ಪಡೆದು ಡಾಕ್ಟರ ಜೊತೆ ವಿಡಿಯೋದಲ್ಲಿ ಮಾತಾಡಬಹುದು. ಇಲ್ಲವೇ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ (ಉಪಕೇಂದ್ರಕ್ಕೆ ಈಗಿನ ಹೆಸರು) ಹೋದರೆ ಅಲ್ಲಿನ ಅಧಿಕಾರಿ ಬಿಪಿ, ಶುಗರ್ ನೋಡಿ ದಾಖಲಿಸಿ ಡಾಕ್ಟರಿಗೆ ಸಂಪರ್ಕ ಕೊಡುತ್ತಾರೆ. ಚೀಟಿ ಅಲ್ಲೇ ಪ್ರಿಂಟ್ ಆಗುತ್ತದೆ, ಕೇಂದ್ರದಲ್ಲಿ ದಾಸ್ತಾನಿದ್ದರೆ ಮಾತ್ರೆಯೂ ಅಲ್ಲೇ ಸಿಗುತ್ತದೆ. ಹಳ್ಳಿಯ ವಯಸ್ಸಾದವರಿಗೆ ಎರಡನೆಯದೇ ಒಳ್ಳೆಯದು. ಮನೆಯ ನಂಬರ್ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನ ಬಳಿ ಇದ್ದರೆ ಒಟಿಪಿ ಅವನಿಗೆ ಹೋಗಿ ಇಲ್ಲಿ ಕೆಲಸ ನಿಂತುಬಿಡುತ್ತದೆ.

ಒಂದೇ ನಂಬರಿನಲ್ಲಿ ಮನೆಮಂದಿಯೆಲ್ಲ ನೋಂದಣಿಯಾಗಿರುವುದು ಇನ್ನೊಂದು ತೊಡಕು. ಪಟ್ಟಿಯಲ್ಲಿ ಅತ್ತೆಯ ಬದಲು ಸೊಸೆಯ ಹೆಸರು ಒತ್ತಿದರೆ ಚೀಟಿಯಲ್ಲಿ ಹೆಸರು, ವಯಸ್ಸು ಎರಡೂ ತಪ್ಪು. 28 ವರ್ಷದ ಹೆಂಗಸಿನ ಹೆಸರಿನಲ್ಲಿ ಮಂಡಿನೋವು, ಬಿಪಿ, ಶುಗರ್ ಮೂರಕ್ಕೂ ಔಷಧಿ ಇದ್ದರೆ ಕೇಳಿಯೇ ಮುಂದುವರಿಯಿರಿ.

ಚೀಟಿಯಲ್ಲಿ ಏನಿರಬೇಕು

ಡಾಕ್ಟರ ಹೆಸರು, ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ, ಸಹಿ, ತಾರೀಖು, ರೋಗಿಯ ಹೆಸರು ವಿಳಾಸ, ಔಷಧಿಯ ಹೆಸರು, ಪ್ರಮಾಣ, ಒಟ್ಟು ಎಷ್ಟು ಕೊಡಬೇಕು ಎಂಬುದು. ಮಾರ್ಚ್ 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಸಹಿ ಮಾಡಿದ ಚೀಟಿಯ ಫೋಟೋ, ಸ್ಕ್ಯಾನ್ ಅಥವಾ ಡಿಜಿಟಲ್ ಪ್ರತಿಯನ್ನು ರೋಗಿಗೆ ಕಳಿಸಬಹುದು. ನೇರವಾಗಿ ಔಷಧಿ ಅಂಗಡಿಗೆ ಕಳಿಸಬೇಕಾದರೆ ರೋಗಿಯ ಸ್ಪಷ್ಟ ಒಪ್ಪಿಗೆ ಬೇಕು; ಯಾವ ಅಂಗಡಿ ಎಂಬುದು ರೋಗಿಯ ಇಷ್ಟ.

ವಾಟ್ಸಾಪಿನಲ್ಲಿ ಬಂದ ಫೋಟೋದ ಅಂಚು ಕತ್ತರಿಸಿ ಹೋಗಿರುತ್ತದೆ, ಕೆಳಗಿನ ಸಹಿ ಕಾಣುವುದಿಲ್ಲ. ಪಿಡಿಎಫ್ ಆದರೆ ಎರಡನೇ ಪುಟ ಇದೆಯೇ ಎಂದು ಬೆರಳಾಡಿಸಿ ನೋಡಿ. ಔಷಧಿ ಹೆಚ್ಚಿದ್ದಾಗ ಕೊನೆಯ ಒಂದೆರಡು ಅಲ್ಲೇ ಇರುತ್ತವೆ.

ಟೈಪ್ ಮಾಡಿದ್ದೆಲ್ಲ ಸರಿ ಅಲ್ಲ

ಕೈಬರಹ ಓದಲಾಗದೆ ಆಗುತ್ತಿದ್ದ ತಪ್ಪು ಕಡಿಮೆಯಾಗಿದೆ, ನಿಜ. ಆದರೆ ಸ್ವಚ್ಛವಾಗಿ ಅಚ್ಚಾದ ತಪ್ಪನ್ನು ಯಾರೂ ಅನುಮಾನಿಸುವುದಿಲ್ಲ, ಅದೇ ಹೆಚ್ಚು ಅಪಾಯ. ಡಾಕ್ಟರು ಮೊದಲ ನಾಲ್ಕು ಅಕ್ಷರ ಟೈಪ್ ಮಾಡಿದರೆ ಹೈಡ್ರಾಲಜಿನ್, ಹೈಡ್ರಾಕ್ಸಿಜಿನ್, ಹೈಡ್ರಾಕ್ಸಿಕ್ಲೋರೋಕ್ವಿನ್ ಮೂರೂ ಒಂದರ ಕೆಳಗೊಂದು ಬರುತ್ತವೆ. ಒಂದು ಬಿಪಿಗೆ, ಒಂದು ತುರಿಕೆಗೆ, ಒಂದು ಕೀಲುವಾತಕ್ಕೆ. ಯಾವ ಕಾಯಿಲೆ ಎಂದು ಮೇಲೆ ಬರೆದದ್ದನ್ನೂ ಔಷಧಿಯ ಹೆಸರನ್ನೂ ಒಟ್ಟಿಗೆ ಓದುವ ಅಭ್ಯಾಸ ಇರಲಿ.

ಇದಕ್ಕಿಂತ ಕೆಟ್ಟದ್ದು ಮೆಥೊಟ್ರೆಕ್ಸೇಟ್. ಕೀಲುವಾತಕ್ಕೆ ಅದನ್ನು ಕೊಡುವುದು ವಾರಕ್ಕೆ ಒಂದೇ ದಿನ. 7.5 ಮಿ.ಗ್ರಾಂ. ಬೇಕಾದರೆ 2.5ರ ಮೂರು ಮಾತ್ರೆ. ನಾಲ್ಕು ವಾರಕ್ಕೆ 12. ಸಾಫ್ಟ್‌ವೇರಿನಲ್ಲಿ 'ದಿನಕ್ಕೊಮ್ಮೆ' ಎಂಬುದು ಹಾಗೆಯೇ ಉಳಿದುಬಿಟ್ಟರೆ 28 ದಿನಕ್ಕೆ 84 ಮಾತ್ರೆ ಎಂದು ಅದೇ ಲೆಕ್ಕ ಹಾಕಿಬಿಡುತ್ತದೆ. ದಿನವೂ ನುಂಗಿದರೆ ಬಾಯಿಹುಣ್ಣಿನಿಂದ ಶುರುವಾಗಿ ರಕ್ತಕಣಗಳು ಕುಸಿಯುತ್ತವೆ, ಪ್ರಾಣಕ್ಕೇ ಕುತ್ತು. 84 ಎಂಬ ಅಂಕಿ ಕಂಡ ಕೂಡಲೇ ಕೈ ತಡೆದು ಡಾಕ್ಟರಿಗೆ ಫೋನ್ ಮಾಡಿ. ಒಟ್ಟು ಪ್ರಮಾಣ ನೋಡಿ ತಪ್ಪು ಹಿಡಿಯುವ ಈ ಲೆಕ್ಕ ಪ್ರತಿ ಚೀಟಿಗೂ ಹಾಕಬೇಕು.

ಇನ್ಸುಲಿನ್ ಇನ್ನೊಂದು ಉದಾಹರಣೆ. ಬೆಳಿಗ್ಗೆ 10, ರಾತ್ರಿ 6 ಯೂನಿಟ್ ಅಂದರೆ ದಿನಕ್ಕೆ 16, ತಿಂಗಳಿಗೆ 480. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ವಯಲ್ 10 ಮಿ.ಲೀ., ಪ್ರತಿ ಮಿ.ಲೀ.ಗೆ 40 ಯೂನಿಟ್, ಒಟ್ಟು 400. ಚೀಟಿಯಲ್ಲಿ '1 ವಯಲ್, 30 ದಿನ' ಎಂದಿದ್ದರೆ 25ನೇ ದಿನಕ್ಕೆ ಖಾಲಿ. ಪೆನ್ನಿನ ಕಾರ್ಟ್ರಿಜ್ ಮಿ.ಲೀ.ಗೆ 100 ಯೂನಿಟ್. ವಯಲಿಗೆ 40ರ ಸಿರಿಂಜನ್ನೇ ಕೊಡಬೇಕು. 100ರ ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ಒಳಗೆ ಹೋಗುವುದು 4 ಯೂನಿಟ್ ಮಾತ್ರ, ಶುಗರ್ ಇಳಿಯುವುದಿಲ್ಲ.

ಮಕ್ಕಳ ಪ್ಯಾರಾಸಿಟಮಾಲ್ ಸಿರಪ್ಪಿನಲ್ಲೂ ಇದೇ ಕಥೆ. 10 ಕೆ.ಜಿ. ಮಗುವಿಗೆ ಕೆ.ಜಿ.ಗೆ 15ರಂತೆ 150 ಮಿ.ಗ್ರಾಂ. ಐದು ಮಿ.ಲೀ.ಯಲ್ಲಿ 125 ಇರುವ ಬಾಟಲಿಯಾದರೆ 6 ಮಿ.ಲೀ., 250 ಇರುವುದಾದರೆ 3. ಬರೀ ಮಿ.ಲೀ. ಬರೆದು ಯಾವ ಬಾಟಲಿ ಎಂದು ಬರೆಯದಿದ್ದರೆ ಊಹೆ ಮಾಡಿ ಕೊಡಬೇಡಿ.

ಕೊಟ್ಟದ್ದನ್ನು ಗುರುತು ಹಾಕುವುದು

ಡ್ರಗ್ಸ್ ರೂಲ್ಸ್ 1945ರ 65ನೇ ನಿಯಮದ ಪ್ರಕಾರ, ಮತ್ತೆ ಕೊಡಬಹುದು ಎಂದು ಡಾಕ್ಟರು ಬರೆಯದಿದ್ದರೆ ಚೀಟಿಯ ಮೇಲೆ ಒಮ್ಮೆ ಮಾತ್ರ ಕೊಡಬೇಕು, ಕೊಟ್ಟಾಗ ಅಂಗಡಿಯ ಹೆಸರು, ವಿಳಾಸ, ತಾರೀಖು ಚೀಟಿಯ ಮೇಲೆ ಬರೆಯಬೇಕು. ಮೊಬೈಲ್ ಪರದೆಯ ಮೇಲೆ ಸೀಲ್ ಒತ್ತಲಾಗದು. ಹಾಗಾಗಿ ಒಂದು ಪ್ರಿಂಟ್ ತೆಗೆದು ಅದರ ಮೇಲೆ ಸೀಲ್ ಹಾಕಿ ರೋಗಿಗೆ ಕೊಡುವುದೇ ಸರಿ. ದುಡ್ಡು ಸಾಲದೆ ತಿಂಗಳ ಔಷಧಿಯಲ್ಲಿ ಹತ್ತು ದಿನದ್ದು ಮಾತ್ರ ಕೊಳ್ಳುವವರು ಬಹಳ. ಅವರಿಗೆ '60ರಲ್ಲಿ 20 ಕೊಟ್ಟಿದೆ, ಬಾಕಿ 40' ಎಂದು ಅದೇ ಹಾಳೆಯಲ್ಲಿ ಬರೆದುಕೊಡಿ. ಮುಂದಿನ ಸಲ ಯಾವ ಅಂಗಡಿಗೆ ಹೋದರೂ ಗೊಂದಲವಿಲ್ಲ.

ಸೆಫಿಕ್ಸಿಮ್‌ನಂಥ ಷೆಡ್ಯೂಲ್ ಎಚ್1 (ಚೀಟಿಯಿಲ್ಲದೆ ಮಾರಬಾರದ, ಹೆಚ್ಚು ನಿಗಾ ಬೇಕಾದ ಪಟ್ಟಿಯ) ಔಷಧಿಗೆ ಪ್ರತ್ಯೇಕ ರಿಜಿಸ್ಟರ್: ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಪ್ರಮಾಣ. ಅದನ್ನು ಮೂರು ವರ್ಷ ಇಡಬೇಕು. ಇನ್ನೂ ಬಿಗಿ ನಿಯಂತ್ರಣದ ಷೆಡ್ಯೂಲ್ ಎಕ್ಸ್ ಔಷಧಿಗಳು ಮತ್ತು ಮಾರ್ಫೀನ್‌ನಂಥ ಮಾದಕ ಔಷಧಿಗಳನ್ನು ಫೋನ್ ಅಥವಾ ವಿಡಿಯೋ ಸಮಾಲೋಚನೆಯಲ್ಲಿ ಬರೆಯುವಂತೆಯೇ ಇಲ್ಲ.

ಆಭಾ ನಂಬರ್ ಮಾಡಿಸಿದರೆ?

ಆಭಾ ಅಂದರೆ ಆರೋಗ್ಯ ದಾಖಲೆಗಳನ್ನು ಜೋಡಿಸಲು ಸರ್ಕಾರ ಕೊಡುವ ಗುರುತಿನ ಸಂಖ್ಯೆ. 14 ಅಂಕಿಯ ಈ ಸಂಖ್ಯೆ ಮಾಡಿಸಿದ ಮಾತ್ರಕ್ಕೆ ಹಳೆಯ ಚೀಟಿಗಳೆಲ್ಲ ಬಂದು ಕೂರುವುದಿಲ್ಲ. ಆಸ್ಪತ್ರೆಯ ಸಾಫ್ಟ್‌ವೇರ್ ಆಭಾ ಜಾಲಕ್ಕೆ ಸೇರಿರಬೇಕು, ಭೇಟಿಯ ದಿನ ನಿಮ್ಮ ಆಭಾ ಜೋಡಿಸಿರಬೇಕು. ಆಗಷ್ಟೇ ಆ ದಿನದ ಚೀಟಿ ಆಪಿನಲ್ಲಿ ಕಾಣುತ್ತದೆ. ಇನ್ನೊಬ್ಬ ಡಾಕ್ಟರು ನೋಡಲು ಕೋರಿದಾಗ ಯಾವ ದಾಖಲೆ, ಎಷ್ಟು ದಿನದವರೆಗೆ ಎಂದು ಆರಿಸಿ ಒಪ್ಪಿಗೆ ಕೊಡಬಹುದು, ಬೇಡವೆನಿಸಿದರೆ ಹಿಂದೆಗೆದುಕೊಳ್ಳಬಹುದು.

ಹೇಳಿಕೊಡುವ ಮಾತು

ಚೀಟಿ ಇಂಗ್ಲಿಷಿನಲ್ಲಿ, ಶ್ರೀನಿವಾಸಪುರದ ಕಡೆಯ ಅಜ್ಜಿ ಮಾತಾಡುವುದು ತೆಲುಗು. 1-0-1 ಎಂಬುದು ಅವರಿಗೆ ಏನೂ ಹೇಳುವುದಿಲ್ಲ. ಸ್ಟ್ರಿಪ್ಪಿನ ಮೇಲೆ 'ಬೆಳಿಗ್ಗೆ 1, ರಾತ್ರಿ 1, ಊಟ ಆದ ಮೇಲೆ' ಎಂದು ಬರೆದು, ಅವರ ಭಾಷೆಯಲ್ಲೇ ಹೇಳಿ, ತಿರುಗಿ ಹೇಳಿಸಿ. ಅನುಮಾನವಿದ್ದ ಚೀಟಿಯನ್ನು ಪೆನ್ನಿನಲ್ಲಿ ತಿದ್ದಿ ಕೊಡಬೇಡಿ. ಡಾಕ್ಟರ ಹತ್ತಿರ ಹೊಸ ತಾರೀಖಿನ ಹೊಸ ಪಿಡಿಎಫ್ ಕಳಿಸಲು ಹೇಳಿ, ಹಳೆಯದನ್ನು ರೋಗಿಯ ಎದುರೇ ಮೊಬೈಲಿನಿಂದ ಅಳಿಸಿಸಿ.